ಶನಿವಾರ ರಾತ್ರಿಯ ನಾಲ್ಕನೆಯ ಅರ್ಜಿ

ನಮಸ್ಕಾರ. ಕೆಲಸ ಕಳೆದುಕೊಂಡು ಮನೆಯಲ್ಲಿದ್ದ ಚಳಿಗಾಲದಲ್ಲಿ, ಒಂದು ಶನಿವಾರ ರಾತ್ರಿ ಹನ್ನೊಂದು ಗಂಟೆಗೆ, ಆಸ್ಪತ್ರೆಯೊಂದರ ಔಷಧ ವಿಭಾಗದ ವ್ಯವಸ್ಥಾಪಕ ಹುದ್ದೆಗೆ ಅರ್ಜಿ ಹಾಕಿದೆ. ನಾನು ಸಾಫ್ಟ್‌ವೇರ್ ಪರೀಕ್ಷಿಸುವವನು. ಔಷಧವೆಂದರೆ ನನಗೆ ಗೊತ್ತಿರುವುದು ಕ್ರೋಸಿನ್ ಒಂದೇ.

ನಾನಿರುವುದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ. ಇಲ್ಲಿ ನಿರುದ್ಯೋಗ ಭತ್ಯೆ ಬೇಕೆಂದರೆ ವಾರಕ್ಕೆ ನಾಲ್ಕು ಬಾರಿ ಕೆಲಸ ಹುಡುಕಿದ ಲೆಕ್ಕ ಒಪ್ಪಿಸಬೇಕು. ವಾರವೆಂದರೆ ಭಾನುವಾರದಿಂದ ಶನಿವಾರ. ಆ ವಾರ ನನ್ನದು ಮೂರಾಗಿತ್ತು. ಅದರಲ್ಲೊಂದು ನಿಜವಾದ ಸಂದರ್ಶನ. ಅದಕ್ಕಾಗಿ ಮೂರು ದಿನ ಓದಿದ್ದೆ, ಹೆಂಡತಿಯನ್ನು ಎದುರು ಕೂರಿಸಿಕೊಂಡು ಉತ್ತರ ಒಪ್ಪಿಸಿದ್ದೆ. ಲೆಕ್ಕದಲ್ಲಿ ಅದೂ ಒಂದೇ, ಎರಡು ನಿಮಿಷದಲ್ಲಿ ಗುಂಡಿ ಒತ್ತಿ ಕಳುಹಿಸಿದ ಔಷಧ ವಿಭಾಗದ ಅರ್ಜಿಯೂ ಒಂದೇ. ನನ್ನ ತಕರಾರು ಇಷ್ಟೇ: ಈ ನಿಯಮ ಹುಡುಕಾಟವನ್ನು ಅಳೆಯುವುದಿಲ್ಲ, ಅರ್ಜಿಗಳನ್ನು ಎಣಿಸುತ್ತದೆ. ಎಣಿಸಿದಾಗ ನಮ್ಮಂಥವರು ಸಂಖ್ಯೆ ತುಂಬಿಸುತ್ತೇವೆ. ಆ ಕಡೆ ಯಾರೋ ಒಬ್ಬರು ಕೆಲಸಕ್ಕೆ ಬಾರದ ನೂರು ಅರ್ಜಿಗಳನ್ನು ಜರಡಿ ಹಿಡಿಯುತ್ತಾ ಕೂರುತ್ತಾರೆ.

ಊರಿನಿಂದ ಅಪ್ಪ ಫೋನಿನಲ್ಲಿ, “ಸರ್ಕಾರ ಕೊಡುತ್ತದೆ ಎಂದು ಕೂತು ತಿನ್ನಬೇಡ ಕಣಪ್ಪ” ಎಂದರು. ಆದರೆ ಇದು ಭಿಕ್ಷೆಯಲ್ಲ, ವಿಮೆ. ನಮ್ಮನ್ನು ದುಡಿಸಿಕೊಂಡ ಕಂಪನಿಗಳು ಕಟ್ಟಿದ ತೆರಿಗೆಯಿಂದಲೇ ಈ ಹಣ ಬರುತ್ತದೆ. ಇಡೀ ಅಮೆರಿಕದಲ್ಲಿ ಇಂಥ ಕಾನೂನನ್ನು ಮೊದಲು ಮಾಡಿದ್ದೇ ವಿಸ್ಕಾನ್ಸಿನ್, 1932ರಲ್ಲಿ. ಮೊದಲ ಚೆಕ್ ಕೈಸೇರಿದ್ದು 1936ರಲ್ಲಿ. ಅದೇ ರಾಜ್ಯ 2013ರಲ್ಲಿ ವಾರಕ್ಕೆ ಎರಡಿದ್ದ ಹುಡುಕಾಟವನ್ನು ನಾಲ್ಕಕ್ಕೆ ಏರಿಸಿತು. ಎರಡಕ್ಕೆ ಸಿಗದ ಕೆಲಸ ನಾಲ್ಕಕ್ಕೆ ಸಿಗುತ್ತದೆಂದು ಯಾರ ತಲೆಗೆ ಹೊಳೆಯಿತೋ! (ನನ್ನ ಬಳಿ ಗ್ರೀನ್ ಕಾರ್ಡ್ ಇತ್ತು. ಎಚ್‌-1ಬಿ ವೀಸಾದ ಗೆಳೆಯರ ಗೋಳೇ ಬೇರೆ. ಕೆಲಸ ಹೋದರೆ ಬೇರೊಂದು ಹಿಡಿಯಲು ಅವರಿಗಿರುವುದು ಹೆಚ್ಚೆಂದರೆ 60 ದಿನಗಳ ಗಡುವು.)

ಹಾಗೆಂದು ಏನನ್ನೂ ಕೇಳದೆ ಹಣ ಕೊಡಬೇಕೇ? ಕರ್ನಾಟಕದ ಯುವನಿಧಿಯನ್ನು ನೋಡಿ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಮಾಡಿದವರಿಗೆ 1,500 ರೂಪಾಯಿ, ಎರಡು ವರ್ಷದವರೆಗೆ. ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಕ್ಕಿರಬಾರದು, ಇನ್ನೂ ನಿರುದ್ಯೋಗಿ ಎಂದು ಸ್ವಯಂ ಘೋಷಣೆ ಕೊಡುತ್ತಿರಬೇಕು. ನಮ್ಮ ಅಣ್ಣನ ಮಗಳು ಅದನ್ನು ಪಡೆಯುತ್ತಿದ್ದಾಳೆ. ಕೆಲಸ ಸಿಕ್ಕಿತೇ ಎಂದು ಅವಳನ್ನು ಕೇಳುತ್ತಾರೆ, ಹುಡುಕಿದೆಯಾ ಎಂದು ಕೇಳುವುದಿಲ್ಲ. ನನ್ನನ್ನು ಅತಿಯಾಗಿ ಕೇಳಿದರು, ಅವಳನ್ನು ಕೇಳಲೇ ಇಲ್ಲ. ಎರಡರಲ್ಲೂ ಹುಡುಕುವವರ ಕೈ ಹಿಡಿಯುವವರು ಯಾರೂ ಇಲ್ಲ. ನನ್ನನ್ನು ಕೇಳಿದರೆ, ಒಂದು ಸಂದರ್ಶನವನ್ನು ಎರಡೆಂದು ಎಣಿಸಲಿ, ಅದಕ್ಕೆ ತಯಾರಾದ ದಿನಗಳೂ ಲೆಕ್ಕಕ್ಕೆ ಬರಲಿ.

ಅದು ಬರುವವರೆಗೆ, ವಿಸ್ಕಾನ್ಸಿನ್‌ನಲ್ಲಿ ಈ ಭತ್ಯೆ ಪಡೆಯುತ್ತಿರುವ ಕನ್ನಡಿಗರು ದಯವಿಟ್ಟು ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ತಾರೀಖು, ಕಂಪನಿ, ಹುದ್ದೆ, ಹೇಗೆ ಅರ್ಜಿ ಹಾಕಿದಿರಿ, ಏನಾಯಿತು: ಅಂದಂದೇ ಬರೆಯಿರಿ. ತಪಾಸಣೆಗೆ ಕರೆದಾಗ ನೆನಪು ಕೈಕೊಡುತ್ತದೆ. ಹುಡುಕದೆ ಹುಡುಕಿದೆ ಎಂದು ಬರೆದು ಸಿಕ್ಕಿಬಿದ್ದರೆ ಪಡೆದದ್ದನ್ನು ಹಿಂತಿರುಗಿಸುವುದಷ್ಟೇ ಅಲ್ಲ, ಮೇಲೆ ದಂಡವೂ ಬೀಳುತ್ತದೆ.

ಅಂದ ಹಾಗೆ, ಆ ಆಸ್ಪತ್ರೆಯಿಂದ ಸೋಮವಾರವೇ ಉತ್ತರ ಬಂತು: ವಿಷಾದವಿದೆ, ನಿಮ್ಮನ್ನು ಪರಿಗಣಿಸಲಾಗುತ್ತಿಲ್ಲ. ಮುದ್ರಿಸಿ, ಜೋಪಾನವಾಗಿ ಕಡತದಲ್ಲಿಟ್ಟೆ. ಸಾಕ್ಷಿಗೆ ಬೇಕಲ್ಲ.