ಅಡ್ಡಿಯಿಲ್ರಿ ಅನ್ನುವ ಇನ್ನೊಂದು ದೇಶ

ಆಕಾಶವಾಣಿ ಕಲಬುರಗಿಯ ಕೇಳುಗರಿಗೆ ನಮಸ್ಕಾರ.

ನಾನು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಒಂಬತ್ತು ವರ್ಷ ನರ್ಸ್ ಆಗಿದ್ದೆ. ಈಗ ಊರಿಗೆ ಬಂದು ನರ್ಸಿಂಗ್ ಓದುವ ಹುಡುಗಿಯರಿಗೆ ಪಾಠ ಮಾಡುತ್ತೇನೆ. ಆಸ್ಟ್ರೇಲಿಯಾ ಅಂದ ಕೂಡಲೇ ಎಲ್ಲರೂ ಎರಡೇ ವಿಷಯ ಕೇಳುತ್ತಾರೆ: ಕಾಂಗರೂ ಮತ್ತು ಪಗಾರ. ಎರಡನ್ನೂ ನೋಡಿದ್ದೇನೆ, ಎರಡೂ ಚೆನ್ನಾಗಿವೆ. ಇವತ್ತು ಅದು ಬೇಡ. ಇವತ್ತು ಅಲ್ಲಿಯ ಜನ ಹೇಗೆ ನಗುತ್ತಾರೆ, ಹೇಗೆ ಕಾಡಿಸುತ್ತಾರೆ ಅನ್ನೋದನ್ನ ಹೇಳುತ್ತೇನೆ.

ಯಾಕೆ ಅಂದರೆ ಸೇಡಂ, ಆಳಂದ, ಶಹಾಬಾದ್ ಕಡೆಯಿಂದ ತಾಯಂದಿರು ನನಗೆ ಫೋನ್ ಮಾಡುತ್ತಾರೆ. "ಮೇಡಂ, ನಮ್ಮ ಹುಡುಗಿ ಅಲ್ಲಿ ಅಳ್ಲಿಕತ್ಯಾಳ್ರಿ. ಡ್ಯೂಟಿ ಮ್ಯಾಗ ಎಲ್ಲಾರೂ ಕೂಡಿ ನಗ್ತಾರಂತ್ರಿ." ಅವ್ವಂದಿರೇ, ಸ್ವಲ್ಪ ತಡೆಯಿರಿ. ವಾಪಸ್ ಬಾ ಅಂತ ಹೇಳಬೇಡಿ. ಆ ದೇಶದಲ್ಲಿ ನಿಮ್ಮನ್ನು ಕಾಡಿಸಿದರೆ ನೀವು ಅವರಲ್ಲಿ ಒಬ್ಬರಾದಿರಿ ಅಂತ ಅರ್ಥ. ಬಹಳ ಮರ್ಯಾದೆಯಿಂದ ಮಾತಾಡಿಸಿದರೆ ನೀವು ಇನ್ನೂ ಹೊರಗಿನವರು. ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು.

ನಿಜ ಹೇಳಬೇಕು ಅಂದರೆ ಅವರ ಮಜಾಕ್ ನಮಗೆ ಹೊಸದೇನಲ್ಲ. ಮೊದಲ ವಾರ ನಾನು ಕಟ್ಟಿದ ಬ್ಯಾಂಡೇಜ್ ನೋಡಿ ಹಿರಿಯ ನರ್ಸ್ 'ನಾಟ್ ಬ್ಯಾಡ್' ಅಂದರು. ಕೆಟ್ಟದ್ದೇನಿಲ್ಲ ಅಂದರೆ ಚೆನ್ನಾಗಿಯೂ ಇಲ್ಲ ಅಂದುಕೊಂಡೆ. ರಾತ್ರಿಯೆಲ್ಲ ನಿದ್ದೆ ಇಲ್ಲ. ಆಮೇಲೆ ನಮ್ಮಪ್ಪ ನೆನಪಾದರು. ಮದುವೆ ಮನೆಯಲ್ಲಿ ನಾಲ್ಕನೇ ಹೋಳಿಗೆ ಮುಗಿಸಿ, ತುಪ್ಪ ಒರೆಸಿಕೊಳ್ಳುತ್ತಾ, "ಅಡ್ಡಿಯಿಲ್ರಿ" ಅನ್ನುತ್ತಿದ್ದರು. ಅದೇ ಇದು! ಬೆಂಗಳೂರಿನವರಿಗಾದರೆ ಬಿಡಿಸಿ ಹೇಳಬೇಕಾಗುತ್ತದೆ, ನಿಮಗೆ ಬೇಕಿಲ್ಲ ಅಲ್ವಾ? ಇನ್ನು ಕೆಂಪು ಕೂದಲಿನವನನ್ನು ಅವರು 'ಬ್ಲೂಯಿ' ಅಂತ ಕರೆಯುತ್ತಾರೆ. ಬ್ಲೂ ಅಂದರೆ ನೀಲಿ. ನಮ್ಮ ಓಣಿಯಲ್ಲಿ ಜೋಳದ ದಂಟಿನ ಹಾಗಿದ್ದ ಹುಡುಗನಿಗೆ ಪೈಲ್ವಾನ ಅಂತ ಹೆಸರಿತ್ತು. ಲೆಕ್ಕ ಒಂದೇ.

ಈಗ ನನ್ನ ಮೇಲೆ ನಡೆದ ಚೇಷ್ಟೆ ಕೇಳಿ. ಹೋಗಿ ಒಂದು ತಿಂಗಳಾಗಿತ್ತು. ಭಾನುವಾರ ಎಲ್ಲರೂ ಡ್ಯಾಂಡೆನಾಂಗ್ ಬೆಟ್ಟಕ್ಕೆ ಹೋಗೋಣ ಅಂದರು. ಮೆಲ್ಬರ್ನ್‌ಗೆ ಹತ್ತಿರದ ಬೆಟ್ಟ ಅದು. ಎತ್ತರದ ನೀಲಗಿರಿ ಮರಗಳು. ಚಹಾ ಕುಡಿಯುವಾಗ ಅದೇ ಹಿರಿಯ ನರ್ಸ್ ಮೆಲ್ಲಗೆ ಕೇಳಿದರು: "ನಿನಗೆ ಡ್ರಾಪ್ ಬೇರ್ ಬಗ್ಗೆ ಯಾರೂ ಹೇಳಿಲ್ವಾ?"

ಕೋಲಾ ಗೊತ್ತಲ್ಲ, ಮರ ತಬ್ಬಿಕೊಂಡು ಎಲೆ ತಿನ್ನುವ ಪ್ರಾಣಿ. ದಿನಕ್ಕೆ ಹದಿನೆಂಟು ಗಂಟೆ ನಿದ್ದೆ, ಪಾಪ. ಡ್ರಾಪ್ ಬೇರ್ ಅದರ ಅಣ್ಣ ಇದ್ದ ಹಾಗಂತೆ. ಮಾಂಸ ತಿನ್ನುತ್ತದಂತೆ. ಮರದ ಮೇಲಿಂದ ನೆತ್ತಿಯ ಮೇಲೇ ಬೀಳುತ್ತದಂತೆ. ಜಾಸ್ತಿ ಬೀಳುವುದು ಪರದೇಶದವರ ಮೇಲೆ! ನಾನು ನಂಬಲಿಲ್ಲ. ಫೋನ್ ತೆಗೆದು ಹುಡುಕಿದೆ. ಸಿಡ್ನಿಯ ಆಸ್ಟ್ರೇಲಿಯನ್ ಮ್ಯೂಸಿಯಂನ ಪುಟದಲ್ಲೇ ಇತ್ತು, ಲ್ಯಾಟಿನ್ ಹೆಸರಿನ ಸಮೇತ. ಸರ್ಕಾರಿ ಮ್ಯೂಸಿಯಂ ಸುಳ್ಳು ಹೇಳುತ್ತದೆಯೇ?

ಉಪಾಯ ಏನು ಅಂದೆ. ಕಿವಿಯ ಹಿಂದೆ ವೆಜಿಮೈಟ್ ಹಚ್ಚಿಕೋ ಅಂದರು. ಅದು ಅವರು ಬ್ರೆಡ್ಡಿಗೆ ಸವರಿಕೊಳ್ಳುವ ಕಪ್ಪು ಅಂಟು. ಉಪ್ಪೋ ಉಪ್ಪು. 1923ರಿಂದ ತಿನ್ನುತ್ತಿದ್ದಾರೆ, ಯಾಕೋ ಗೊತ್ತಿಲ್ಲ. ರಾತ್ರಿ ಅವ್ವನಿಗೆ ಫೋನ್ ಮಾಡಿದೆ. ಅವ್ವ ಅಂದಳು, "ಹಚ್ಕೊ ಯವ್ವಾ, ಹಚ್ಕೊಂಡ್ರ ಏನ್ ಹೋಗ್ತದ. ಮ್ಯಾಲಿಂದ ಛತ್ರಿನೂ ಒಯ್ಯಿ."

ಒಯ್ದೆ. ಎರಡೂ ಕಿವಿಯ ಹಿಂದೆ ದಪ್ಪಗೆ ಹಚ್ಚಿಕೊಂಡು, ಮೋಡವಿಲ್ಲದ ಬಿಸಿಲಲ್ಲಿ ಛತ್ರಿ ಬಿಚ್ಚಿಕೊಂಡು, ಕಾರಿನಿಂದ ಇಳಿದೆ. ಒಬ್ಬರಾದರೂ ನಗಬೇಕಲ್ಲ? ಇಲ್ಲ. ವಾರ್ಡಿನ ಅಟೆಂಡರ್, ಅರವತ್ತು ದಾಟಿದ ಮನುಷ್ಯ, ಹತ್ತಿರ ಬಂದು ನೋಡಿ, "ಎಡಕ್ಕೆ ಸ್ವಲ್ಪ ಕಡಿಮೆ ಆಯ್ತು" ಅಂದ. ತಾನೂ ಒಂದಿಷ್ಟು ಕಿವಿಗೆ ಹಚ್ಚಿಕೊಂಡ. ಅರ್ಧ ಗಂಟೆ ಹಾಗೇ ನಡೆದೆವು. ನೊಣ ಮುತ್ತಿದವು. ಕೊನೆಗೆ ದಾರಿಯಲ್ಲಿ ಒಂದು ಪುಟ್ಟ ಹುಡುಗಿ ತನ್ನ ಅಮ್ಮನಿಗೆ ಕೂಗಿ ಹೇಳಿದಳು, "ಅಮ್ಮಾ, ಇವರಿಗೂ ಡ್ರಾಪ್ ಬೇರ್ ಕಥೆ ಹೇಳಿದ್ದಾರೆ!"

ಆಗ ನೋಡಿ, ಜೊತೆಗಿದ್ದ ಏಳೂ ಜನ ಹುಲ್ಲಿನ ಮೇಲೆ ಬಿದ್ದು ನಕ್ಕರು. ಡ್ರಾಪ್ ಬೇರ್ ಅನ್ನುವ ಪ್ರಾಣಿಯೇ ಇಲ್ಲ, ಮ್ಯೂಸಿಯಂನವರದೂ ಚೇಷ್ಟೆಯೇ! ನಾನು ಕಾರಿನಲ್ಲಿ ಕೂತು ಅತ್ತೆ. ಆಮೇಲೆ ಕನ್ನಡಿಯಲ್ಲಿ ಕಿವಿ ನೋಡಿಕೊಂಡೆ, ನನಗೇ ನಗು ಬಂತು. ಮರುದಿನದಿಂದ ನನ್ನ ಹೆಸರು ಎರಡಕ್ಷರಕ್ಕೆ ಇಳಿಯಿತು. ಅಲ್ಲಿ ಬೇಕಾದವರ ಹೆಸರನ್ನು ಕತ್ತರಿಸದೆ ಬಿಡುವುದಿಲ್ಲ. ನಮ್ಮ ಶರಣಮ್ಮ ಹೋದರೆ ವಾರದಲ್ಲಿ ಶಾಝ್ ಆಗುತ್ತಾಳೆ. ಅಲ್ಲಿಯವರೆಗೆ ಚಹಾಕ್ಕೆ ನಾನೊಬ್ಬಳೇ ಕೂರುತ್ತಿದ್ದೆ. ಅವತ್ತು ಕುರ್ಚಿ ಎಳೆದು ಕೊಟ್ಟರು. ಅದಕ್ಕೇ ಹೇಳಿದ್ದು, ಕಾಡಿಸಿದರೆ ನೀವು ಅವರಲ್ಲಿ ಒಬ್ಬರು.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಹೊತ್ತಾಯಿತಂತೆ. ಬರೆದುಕೊಂಡು ಬಂದದ್ದರಲ್ಲಿ ಅರ್ಧ ಉಳಿಯಿತು. ಒಂದನ್ನು ಹೇಳದೆ ಬಿಡಲಾರೆ. ಅವರ ಪ್ರಧಾನಿ ಹೆರಾಲ್ಡ್ ಹೋಲ್ಟ್ 1967ರ ಡಿಸೆಂಬರ್‌ನಲ್ಲಿ ಸಮುದ್ರದಲ್ಲಿ ಈಜಲು ಹೋದವರು ಕಾಣೆಯಾದರು. ಶವವೂ ಸಿಗಲಿಲ್ಲ. ಅವರ ನೆನಪಿಗೆ ಮೆಲ್ಬರ್ನ್‌ನಲ್ಲಿ ಏನು ಇದೆ ಗೊತ್ತೇ? ಈಜುಕೊಳ! ದೊಡ್ಡವರನ್ನೇ ಬಿಡದ ಊರಲ್ಲಿ ನಿಮ್ಮ ಮಗಳನ್ನು ಬಿಡುತ್ತಾರೆಯೇ? ರೋಗಿಗಳ ಮಾತು, ಟ್ಯಾಕ್ಸಿಯವರ ಮಾತು ಇನ್ನೊಮ್ಮೆ ಕರೆದರೆ ಹೇಳುತ್ತೇನೆ.

ಹೊರಟು ನಿಂತಿರುವ ಹುಡುಗಿಯರಿಗೆ ಒಂದೇ ಮಾತು. ವಾರ್ಡಿನಲ್ಲಿ ಎಷ್ಟು ಬೇಕಾದರೂ ನಗಿ. ಆದರೆ ವಿಮಾನ ಇಳಿದ ಕೂಡಲೇ ಒಂದು ಕೌಂಟರ್ ಇರುತ್ತದೆ. ತಿನ್ನುವ ಸಾಮಾನು ಏನಾದರೂ ಇದೆಯೇ ಅಂತ ಕೇಳುತ್ತಾರೆ. ಅವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿ ಇದ್ದರೆ ಇದೆ ಅಂತ ಬರೆದುಕೊಡಿ. ಮುಚ್ಚಿಟ್ಟರೆ ದಂಡ. ಅಲ್ಲಿ ಮಾತ್ರ ಯಾರೂ ನಗುವುದಿಲ್ಲ. ನಮಸ್ಕಾರ.