ಹಾವಸೆ ಕಡಿದುಕೊಂಡ ನಂಟು

ಸಭಿಕರಿಗೆ ನಮಸ್ಕಾರ.

ಚಿಕ್ಕಮಗಳೂರಿನ ತೋಟದವರಿಗೆ ಹಾವಸೆಯನ್ನು, ಅಂದರೆ ಮಾಸ್ ಅನ್ನು, ಪರಿಚಯಿಸಬೇಕಾಗಿಲ್ಲ. ಬಿಳಿ ಕಾಂಡಕೊರಕ ಮೊಟ್ಟೆಯಿಡದಿರಲೆಂದು ಅರೇಬಿಕಾ ಗಿಡದ ಕಾಂಡವನ್ನು ನಾರಿನ ಕೈಗವಸು ತೊಟ್ಟು ಉಜ್ಜುವಾಗ ಒರಟು ತೊಗಟೆಯೊಡನೆ ಉದುರುವ ಹಸಿರು ಪದರದಲ್ಲಿ ಅದೂ ಇರುತ್ತದೆ. ಅದನ್ನೂ ಕೆರೆಯ ಶೈವಲವನ್ನೂ (ಆಲ್ಗೆ) ನಾವು ಒಟ್ಟಾಗಿ 'ಪಾಚಿ' ಎಂದುಬಿಡುತ್ತೇವೆ. ಇವತ್ತಿನ ಮಟ್ಟಿಗೆ ಆ ರೂಢಿಯನ್ನು ಬದಿಗಿಡೋಣ, ಏಕೆಂದರೆ ಶೈವಲದ ವಂಶ ನೆಲಕ್ಕೆ ಬಂದು ಸಸ್ಯವಾದದ್ದು ಹೇಗೆಂಬುದರಲ್ಲೇ ಇಂದಿನ ವಿಷಯದ, ಅಂದರೆ ಸಸ್ಯಕ್ಕೂ ಶಿಲೀಂಧ್ರಕ್ಕೂ ಇರುವ ನಂಟು ಮತ್ತು ಹಾವಸೆ ಅದನ್ನು ಕಡಿದುಕೊಂಡದ್ದರ ಬುಡವಿದೆ.

ಆ ವಲಸೆ ಶಿಲೀಂಧ್ರದ ನೆರವಿಲ್ಲದೆ ಆಗುತ್ತಿರಲಿಲ್ಲವೆಂದು 1975ರಲ್ಲಿ ಪಿರೋಜಿನ್‌ಸ್ಕಿ ಮತ್ತು ಮ್ಯಾಲಕ್ ಎಂಬ ವಿಜ್ಞಾನಿಗಳು ವಾದಿಸಿದರು. ಬೇರಿಲ್ಲದ ಸಸ್ಯಕ್ಕೆ ಕಲ್ಲುನೆಲದ ರಂಜಕ ಎಟುಕುವುದು ಕಷ್ಟ. ಶಿಲೀಂಧ್ರದ ಎಳೆಗೆ ರಂಜಕ ಎಟುಕುತ್ತದೆ, ಆದರೆ ಶಿಲೀಂಧ್ರಕ್ಕೆ ಬಿಸಿಲಿನಿಂದ ಸಕ್ಕರೆ ಮಾಡಿಕೊಳ್ಳಲು ಬಾರದು; ಹಾಗಾಗಿ ರಂಜಕಕ್ಕೆ ಸಕ್ಕರೆಯ ವಿನಿಮಯ. ಸ್ಕಾಟ್ಲೆಂಡಿನ ರೈನಿ ಎಂಬ ಹಳ್ಳಿಯ ಬಳಿ ಸಿಕ್ಕ, ಸುಮಾರು 40.7 ಕೋಟಿ ವರ್ಷ ಹಳೆಯ ಶಿಲೆಯಲ್ಲಿ ಅಗ್ಲಾಯೋಫೈಟಾನ್ ಎಂಬ ಬೇರಿಲ್ಲದ ಸಸ್ಯದ ಜೀವಕೋಶಗಳೊಳಗೆ ಪುಟ್ಟ ಮರದಂತೆ ಕವಲೊಡೆದ ಶಿಲೀಂಧ್ರವಿರುವುದು 1994ರಲ್ಲಿ ವರದಿಯಾದಾಗ ಆ ವಾದಕ್ಕೆ ಗಟ್ಟಿ ಆಧಾರ ದೊರೆಯಿತು.

ಇಂಥದೇ ಕವಲುಗಳು ಹಾವಸೆಯ ಬಂಧುಗಳಾದ, ಲಿವರ್‌ವರ್ಟ್ ಎಂಬ ಇಂದಿನ ಹಲವು ಪುಟ್ಟ ಸಸ್ಯಗಳಲ್ಲೂ ಇವೆ. ಒದ್ದೆ ಕಟ್ಟೆಗೆ ಅಂಟಿ ಬೆಳೆಯುವ ಅವುಗಳ ಚಪ್ಪಟೆ ದೇಹವನ್ನು ಅಡ್ಡಕ್ಕೆ ತೆಳ್ಳಗೆ ಕತ್ತರಿಸಿ, ಪೆನ್ನಿನ ಶಾಯಿ ಮತ್ತು ವಿನಿಗರ್ ಬೆರೆಸಿ ಬಣ್ಣ ಕಟ್ಟಿದರೆ, ಬೇರಿನ ಬದಲಿಗಿರುವ, ಒಂದೇ ಕೋಶದಿಂದಾದ ಸಪೂರ ಬೇರುರೋಮದೊಳಗಿಂದ ಏರಿಬಂದ ಶಿಲೀಂಧ್ರದ ಎಳೆ ನಡುಭಾಗದ ಕೋಶಗಳಲ್ಲಿ ಪೊದೆಯಂತೆ ಹರಡಿರುವುದು ಕಾಣುತ್ತದೆ. ರಂಜಕ ಕೈಬದಲಾಗುವುದು ಅಲ್ಲಿಯೇ; ಆದರೆ ಆ ಪೊದೆ ಬಾಳುವುದು ಕೆಲವೇ ದಿನ.

ಹಾವಸೆಯಲ್ಲಿ ಮಾತ್ರ ಈ ವಿನಿಮಯ ಖಚಿತವಾಗಿ ಕಂಡುಬಂದಿಲ್ಲ. ಶಿಲೀಂಧ್ರಗಳು ಅದರ ಮೇಲೂ ಒಳಗೂ ಇರುತ್ತವೆ, ಕೆಲವು ಅದನ್ನು ಕೊಲ್ಲುವುದೂ ಉಂಟು, ಆದರೆ ಕೊಡುಕೊಳ್ಳುವ ಒಪ್ಪಂದವಿಲ್ಲ. ಹಾವಸೆಯ ಬೇರುರೋಮ ಅನೇಕ ಕೋಶಗಳದ್ದು, ನಡುನಡುವೆ ಅಡ್ಡಗೋಡೆಗಳಿರುವಂಥದ್ದು. ಜೊತೆಗೆ ಅದು ನೀರು ಮತ್ತು ಲವಣವನ್ನು ಎಲೆಯಿಂದಲೇ ಹೀರಬಲ್ಲದು. ಆದ್ದರಿಂದ ಪಾಲುದಾರನ ಅಗತ್ಯ ತಪ್ಪಿರಬೇಕೆಂಬ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ, ರುಜುವಾತಾಗಿದೆ ಎನ್ನಲಾರೆ.

ವಂಶವಾಹಿಗಳು ಹೇಳುವುದು ಇನ್ನೂ ಸ್ವಾರಸ್ಯಕರ. ಶಿಲೀಂಧ್ರದ ಸಂಕೇತವನ್ನು ಗುರುತಿಸಲು ಬೇಕಾದ ಕೆಲವು ವಂಶವಾಹಿಗಳು ಹಾವಸೆಯಲ್ಲಿ ಇಂದಿಗೂ ಉಳಿದಿವೆ. ಅಂದರೆ ಪೂರ್ವಜರಲ್ಲಿ ಈ ನಂಟಿತ್ತು, ಮುಂದೆ ಹೋಯಿತು ಎಂದು ತಿಳಿಯುವುದೇ ಸರಿ. ಲಿವರ್‌ವರ್ಟ್‌ಗಳಲ್ಲೂ ಮಾರ್ಕಾನ್ಷಿಯ ಪ್ಯಾಲಿಯೇಸಿಯ ಎಂಬ ಜಾತಿ ಶಿಲೀಂಧ್ರವನ್ನು ಇಟ್ಟುಕೊಂಡಿದೆ, ಅದರ ಹತ್ತಿರದ ಬಂಧು ಮಾರ್ಕಾನ್ಷಿಯ ಪಾಲಿಮಾರ್ಫ ಬಿಟ್ಟಿದೆ.

ನಿಮ್ಮ ಕಾಫಿ ಗಿಡವನ್ನೇ ನೋಡಿ. ಅದರ ಬೇರಿನೊಳಗೆ ರೈನಿಯ ಶಿಲೆಯಲ್ಲಿ ಕಂಡಂಥದೇ ಶಿಲೀಂಧ್ರ ಈಗಲೂ ಕವಲೊಡೆಯುತ್ತಿದೆ. ಎರಡು ಅಡಿ ಮೇಲೆ, ಅದೇ ಗಿಡದ ಕಾಂಡದಲ್ಲಿ, ಆ ನಂಟು ಕಡಿದುಕೊಂಡ ಹಾವಸೆ ಮಳೆಯ ನೀರನ್ನು ಎಲೆಯಿಂದ ಹೀರುತ್ತ ಕೂತಿದೆ. ಹೊರಗಿನ ಮೇಜಿನ ಮೇಲೆ ಬೇರಿನದೊಂದು, ಹಾವಸೆಯದೊಂದು ಸ್ಲೈಡ್ ಇಟ್ಟಿದ್ದೇವೆ. ಬೇರಿನದನ್ನು ಮೊದಲು ನೋಡಿ.