ಮನೆಗೆ ಎರಡೇ ಮಕ್ಕಳು, ಆದರೂ ಜನಸಂಖ್ಯೆ ಏರುತ್ತಿರುವುದೇಕೆ?

(ದೃಶ್ಯ: ಕರಾವಳಿಯ ನಕ್ಷೆ. ಜನಗಣತಿಯ ಅಂಕಿಗಳು ಒಂದೊಂದಾಗಿ ಮೂಡುತ್ತವೆ.)

ನಮಸ್ಕಾರ. 2001ರಿಂದ 2011ರವರೆಗಿನ ಹತ್ತು ವರ್ಷಗಳಲ್ಲಿ ಕರ್ನಾಟಕದ ಜನಸಂಖ್ಯೆ ಶೇ. 15ಕ್ಕಿಂತ ಹೆಚ್ಚು ಬೆಳೆದರೆ, ಉಡುಪಿ ಜಿಲ್ಲೆಯದು ಶೇ. 6ರಷ್ಟೂ ಬೆಳೆಯಲಿಲ್ಲ, ಪಕ್ಕದ ದಕ್ಷಿಣ ಕನ್ನಡದಲ್ಲೂ ಏರಿಕೆ ಶೇ. 10ರ ಆಸುಪಾಸಿನಲ್ಲೇ ಉಳಿಯಿತು. ಇದರಲ್ಲಿ ಮುಂಬೈ, ಬೆಂಗಳೂರು, ಗಲ್ಫ್ ಎಂದು ಊರು ಬಿಟ್ಟವರ ಪಾಲೂ ಇದೆ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಉಡುಪಿ ಜಿಲ್ಲೆಯಲ್ಲಿ 1,000 ಗಂಡಸರಿಗೆ 1,094 ಹೆಂಗಸರು ಇದ್ದುದಕ್ಕೆ ದುಡಿಮೆಗಾಗಿ ಹೊರಗೆ ಹೋದ ಗಂಡಸರೂ ಒಂದು ಕಾರಣ. ಆದರೆ ವಲಸೆಯೊಂದರಿಂದಲೇ ಹೀಗಾಗಿಲ್ಲ. ಅಜ್ಜಿಯ ಕಾಲದಲ್ಲಿ ಏಳೆಂಟು ಮಕ್ಕಳಿದ್ದ ಇಲ್ಲಿನ ಮನೆಗಳಲ್ಲಿ ಈಗ ಒಂದೋ ಎರಡೋ ಮಕ್ಕಳಿದ್ದಾರೆ.

ಜಗತ್ತಿನ ಲೆಕ್ಕವೂ ಅದೇ ದಿಕ್ಕಿನಲ್ಲಿದೆ. 1804ರ ಸುಮಾರಿಗೆ 100 ಕೋಟಿಯಷ್ಟಿದ್ದ ಮಾನವರ ಸಂಖ್ಯೆ 200 ಕೋಟಿಗೆ ತಲುಪಿದ್ದು 1927ರಲ್ಲಿ. 700 ಕೋಟಿಯಿಂದ 800 ಕೋಟಿಗೆ ಏರಲು ಮಾತ್ರ 2011ರಿಂದ 2022ರವರೆಗಿನ ಹನ್ನೊಂದೇ ವರ್ಷ ಸಾಕಾಯಿತು. ಈ ವೇಗ ಕಂಡು ಗಾಬರಿಯಾಗುವುದು ಸಹಜ. ಆದರೆ 1960ರ ದಶಕದಲ್ಲಿ ಶೇ. 2ನ್ನು ಮೀರಿದ್ದ ವಾರ್ಷಿಕ ಬೆಳವಣಿಗೆಯ ದರ ಈಗ ಶೇ. 1ಕ್ಕಿಂತ ಕೆಳಗಿಳಿದಿದೆ. ವಿಶ್ವಸಂಸ್ಥೆಯ 2024ರ ಅಂದಾಜಿನಂತೆ, 2080ರ ದಶಕದಲ್ಲಿ ಜನಸಂಖ್ಯೆ ಸುಮಾರು 1,030 ಕೋಟಿ ಮುಟ್ಟಿ, ಆಮೇಲೆ ಇಳಿಯತೊಡಗುತ್ತದೆ.

ಹೆರಿಗೆ ಕಡಿಮೆಯಾದ ಮೇಲೂ ಜನ ಹೆಚ್ಚುವುದು ಹೇಗೆ?

(ದೃಶ್ಯ: ಎರಡು ಮನೆಗಳ ವಂಶವೃಕ್ಷ.)

ಎರಡು ಮನೆಗಳನ್ನು ಊಹಿಸಿಕೊಳ್ಳಿ. ಎರಡು ದಂಪತಿಗಳು, ಅಂದರೆ ನಾಲ್ವರು. ಪ್ರತಿ ದಂಪತಿಗೆ ನಾಲ್ವರಂತೆ ಒಟ್ಟು ಎಂಟು ಮಕ್ಕಳು. ಈ ಎಂಟು ಮಂದಿ ಎರಡು ಮನೆಗಳ ನಡುವೆಯೇ ಮದುವೆಯಾಗಿ ನಾಲ್ಕು ಜೋಡಿಗಳಾದರು, ಪ್ರತಿ ಜೋಡಿಗೆ ಎರಡೇ ಮಕ್ಕಳು ಎಂದುಕೊಳ್ಳೋಣ. ಆಗಲೂ ಮೊಮ್ಮಕ್ಕಳು ಎಂಟು. ಈ ಎಂಟು ಮಂದಿ ಹುಟ್ಟುವ ಕಾಲಕ್ಕೆ ತೀರಿಕೊಳ್ಳುವ ವಯಸ್ಸಿಗೆ ಬಂದವರು ನಾಲ್ವರು ಅಜ್ಜ-ಅಜ್ಜಿಯರು ಮಾತ್ರ. ಎರಡಕ್ಕೆ ನಿಲ್ಲಿಸಿದರೂ ಸಂಖ್ಯೆ ಏರಿತು. ಭಾರತದಲ್ಲಿ ನಡೆಯುತ್ತಿರುವುದು ಇದೇ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳ ಸಂಖ್ಯೆ ದೇಶದಲ್ಲಿ 2.0, ಕರ್ನಾಟಕದಲ್ಲಿ 1.7; ಎರಡೂ, ಒಂದು ಪೀಳಿಗೆಯ ಜಾಗವನ್ನು ಮುಂದಿನ ಪೀಳಿಗೆ ತುಂಬಲು ಬೇಕಾದ 2.1 ಎಂಬ ಸಮತೋಲನದ ಮಟ್ಟಕ್ಕಿಂತ ಕೆಳಗಿವೆ. ಆದರೂ ಹೆಚ್ಚು ಮಕ್ಕಳು ಹುಟ್ಟಿದ ದಶಕಗಳ ಪೀಳಿಗೆ ಈಗ ತಂದೆತಾಯಿಯಾಗುವ ವಯಸ್ಸಿನಲ್ಲಿ ಇರುವುದರಿಂದ, ದೇಶದ ಜನಸಂಖ್ಯೆ 2060ರ ದಶಕದಲ್ಲಿ ಸುಮಾರು 170 ಕೋಟಿ ಮುಟ್ಟುವವರೆಗೆ ಏರುತ್ತದೆ ಎಂಬ ಅಂದಾಜಿದೆ. ಇಂದು ಎಷ್ಟೇ ಕಠಿಣ ಕಾನೂನು ತಂದರೂ ಈ ಏರಿಕೆಯ ಬಹುಪಾಲನ್ನು ತಡೆಯಲಾಗದು, ಏಕೆಂದರೆ ಆ ತಂದೆತಾಯಿಯರು ಈಗಾಗಲೇ ಹುಟ್ಟಿಯಾಗಿದೆ.

ಸಂಖ್ಯೆಯನ್ನು ಬಲವಂತದಿಂದ ಇಳಿಸುವ ಪ್ರಯೋಗವನ್ನು ನಾವು ಮಾಡಿ ನೋಡಿಯೂ ಇದ್ದೇವೆ. 1952ರಲ್ಲೇ ರಾಷ್ಟ್ರೀಯ ಕುಟುಂಬ ಯೋಜನಾ ಕಾರ್ಯಕ್ರಮ ಆರಂಭಿಸಿದ ಭಾರತ, ತುರ್ತು ಪರಿಸ್ಥಿತಿಯ ಕಾಲದಲ್ಲಿ ಗುರಿ ನಿಗದಿಪಡಿಸಿ ಲಕ್ಷಾಂತರ ಗಂಡಸರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿತು. 'ಆರತಿಗೊಬ್ಬಳು, ಕೀರ್ತಿಗೊಬ್ಬ' ಎಂಬ ಗೋಡೆಬರಹ ಸಾಧಿಸಿದ ವಿಶ್ವಾಸವನ್ನು ಆ ಒಂದೆರಡು ವರ್ಷಗಳು ಕೆಡಿಸಿದವು ಎಂದೇ ನನ್ನ ಅಭಿಪ್ರಾಯ. 1994ರಲ್ಲಿ ಕೈರೋದಲ್ಲಿ ನಡೆದ ವಿಶ್ವಸಂಸ್ಥೆಯ ಜನಸಂಖ್ಯಾ ಸಮ್ಮೇಳನದಲ್ಲಿ 179 ದೇಶಗಳು, ಗುರಿ ಜನಸಂಖ್ಯೆಯ ಅಂಕಿಯಲ್ಲ, ಮಹಿಳೆಯ ಆರೋಗ್ಯ, ಶಿಕ್ಷಣ ಮತ್ತು ನಿರ್ಧಾರದ ಹಕ್ಕು ಎಂದು ಒಪ್ಪಿದವು. 1996ರಲ್ಲಿ ಭಾರತವೂ ಮೇಲಿನಿಂದ ಗುರಿ ಹೇರುವ ಪದ್ಧತಿಯನ್ನು ಕೈಬಿಟ್ಟಿತು.

ಹುಟ್ಟಿದ ಮಕ್ಕಳು ಬದುಕುತ್ತಾರೆಂಬ ಭರವಸೆ ಬಂದಲ್ಲಿ, ಹುಡುಗಿಯರು ಶಾಲೆಯಲ್ಲಿ ಉಳಿದಲ್ಲಿ, ಹೆರಿಗೆಗಳು ತಾವಾಗಿಯೇ ಕಡಿಮೆಯಾಗುತ್ತವೆ. ಅದೇ ಸಮೀಕ್ಷೆಯಲ್ಲಿ ಶಾಲೆಯ ಮೆಟ್ಟಿಲು ಹತ್ತದ ಮಹಿಳೆಯರಿಗೆ ಸರಾಸರಿ 2.8 ಮಕ್ಕಳಾದರೆ, ಹನ್ನೆರಡು ವರ್ಷ ಅಥವಾ ಹೆಚ್ಚು ಓದಿದವರಿಗೆ 1.8. ಸಾಕ್ಷರತೆ 2011ರಲ್ಲೇ ಶೇ. 85ನ್ನು ದಾಟಿದ್ದ ನಮ್ಮ ಎರಡು ಜಿಲ್ಲೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಿಡಿಸಿ ಹೇಳಬೇಕಾದದ್ದು ಬೇರೆ ಇದೆ. ದೇಶದಲ್ಲಿ ವಿವಾಹಿತ ಮಹಿಳೆಯರ ಪೈಕಿ ಶೇ. 37.9ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರೆ, ಗಂಡನಿಗೆ ಅದು ಆಗಿರುವುದು ಶೇ. 0.3ರಷ್ಟು ದಂಪತಿಗಳಲ್ಲಿ ಮಾತ್ರ. ಕರ್ನಾಟಕದಲ್ಲಿ ಮಹಿಳೆಯರ ಪಾಲು ಅರ್ಧವನ್ನೂ ಮೀರಿದೆ. ಎರಡನೇ ಬಾಣಂತನದ ಜೊತೆಗೇ 'ಆಪರೇಶನ್' ಮುಗಿಸಿಬಿಡುವುದು ನಮ್ಮಲ್ಲಿ ರೂಢಿಯಾಗಿದೆ. ಮೊದಲ ಮತ್ತು ಎರಡನೇ ಮಗುವಿನ ನಡುವೆ ಎಷ್ಟು ಅಂತರ ಬೇಕು, ಅದಕ್ಕೆ ಯಾವ ವಿಧಾನ ಒಗ್ಗುತ್ತದೆ ಎಂಬ ಮಾತು ಮಾತ್ರ ಬರುವುದೇ ಅಪರೂಪ. ಕಾಪರ್-ಟಿ, ಮೂರು ತಿಂಗಳಿಗೊಮ್ಮೆ ಕೊಡುವ 'ಅಂತರಾ' ಚುಚ್ಚುಮದ್ದು, ಹಾರ್ಮೋನ್ ಇಲ್ಲದ 'ಛಾಯಾ' ಮಾತ್ರೆ, ಇವು ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ. ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೋ ಕೇಳಿದರೆ ವಿವರ ಸಿಗುತ್ತದೆ.

ಇನ್ನು ಗಂಡಸರ ವಿಷಯ. ಚಾಕು ಬಳಸದ, ಹೊಲಿಗೆಯಿಲ್ಲದ ವಾಸೆಕ್ಟಮಿಯು, ಅಂದರೆ ಗಂಡಸರ ಸಂತಾನಹರಣ ಶಸ್ತ್ರಚಿಕಿತ್ಸೆಯು, ಹೆಂಗಸರ ಶಸ್ತ್ರಚಿಕಿತ್ಸೆಗಿಂತ ಸರಳ ಮತ್ತು ಸುರಕ್ಷಿತ. ಅದೇ ದಿನ ಮನೆಗೆ ಹೋಗಬಹುದು. ದುಡಿಯುವ ಶಕ್ತಿಯಾಗಲಿ ದಾಂಪತ್ಯಸುಖವಾಗಲಿ ಕುಂದುವುದಿಲ್ಲ. ನೆನಪಿಡಬೇಕಾದದ್ದು ಒಂದೇ: ಅದರ ಪರಿಣಾಮ ತಕ್ಷಣ ಬರುವುದಿಲ್ಲ. ಮೂರು ತಿಂಗಳ ಬಳಿಕ ವೀರ್ಯ ಪರೀಕ್ಷೆಯಲ್ಲಿ ಖಚಿತವಾಗುವವರೆಗೆ ಕಾಂಡೋಮ್ ಅಥವಾ ಬೇರೊಂದು ವಿಧಾನವನ್ನು ದಂಪತಿಗಳು ಬಳಸಲೇಬೇಕು.